ಹಾಳೂರಿನ ನಕಾಶೆ ಹಿಡಿದು ಮುತ್ತಾತನ ಹೊಲ ಹುಡುಕಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತುಮಕೂರು ಜಿಲ್ಲೆ, ಸಿರಾ ಕಡೆ. ಈಗಿರುವ ಊರು ನಮ್ಮ ಮೂಲ ಅಲ್ಲ ಅಂತ ತಾತ ಹೇಳುತ್ತಿದ್ದರು. ಎರಡು ಮೈಲಿ ಆಚೆ ಒಂದು ಹಾಳೂರಿದೆ. ಪ್ಲೇಗು ಬಂದಾಗ ಎಲ್ಲರೂ ಊರು ಬಿಟ್ಟರಂತೆ. ಈಗ ಅಲ್ಲಿರುವುದು ಒಂದು ಆಂಜನೇಯನ ಗುಡಿ, ನಾಲ್ಕು ಹುಣಸೆಮರ ಅಷ್ಟೇ. ವರ್ಷಕ್ಕೊಮ್ಮೆ ಹೋಗಿ ಪೂಜೆ ಮಾಡಿಸಿಕೊಂಡು ಬರುತ್ತೇವೆ. ಗೂಗಲ್ ಮ್ಯಾಪಿನಲ್ಲಿ ಊರಿನ ಹೆಸರೇ ಇಲ್ಲ. ಹಳೇ ನಕಾಶೆ ಸಿಕ್ಕರೆ ನಮ್ಮ ಹಿರಿಯರ ಮನೆ, ಹೊಲ ಎಲ್ಲಿದ್ದವು ಅಂತ ಗೊತ್ತಾಗುತ್ತಾ?

ಉತ್ತರ (ನಿವೃತ್ತ ಭೂಮಾಪಕ): ಹೊಲ ಗೊತ್ತಾಗಬಹುದು. ಮನೆ ಕಷ್ಟ. ಗ್ರಾಮ ನಕಾಶೆಯಲ್ಲಿ ಊರೊಳಗಿನ ಜಾಗವನ್ನೆಲ್ಲ ಸೇರಿಸಿ ಗ್ರಾಮಠಾಣ ಅಂತ ತೋರಿಸಿರುತ್ತಾರೆ. ಒಂದೊಂದೇ ಮನೆ ಬಿಡಿಸಿರುವುದಿಲ್ಲ.

ನಿಮ್ಮ ಹಾಳೂರು ಕಾಗದದಲ್ಲಿ ಇನ್ನೂ ಬದುಕಿರಬಹುದು. ಜನ ಇಲ್ಲದ ಊರಿಗೆ ಕಂದಾಯದವರು ‘ಬೇಚರಾಕ್ ಗ್ರಾಮ’ ಅನ್ನುತ್ತಾರೆ. ಪಾರಸಿ ಮಾತು. ಬೇ ಚಿರಾಗ್, ಅಂದರೆ ದೀಪ ಇಲ್ಲದ್ದು. (ವರ್ಷಗಟ್ಟಲೆ ಈ ಪದ ಬರೆದೆ. ಅರ್ಥ ತಿಳಿದಿದ್ದು ನಿವೃತ್ತಿ ಹತ್ತಿರ ಬಂದಾಗ.) ಬೇಚರಾಕ್ ಗ್ರಾಮಕ್ಕೆ ಅದರದ್ದೇ ನಕಾಶೆ, ಅದರದ್ದೇ ಸರ್ವೆ ನಂಬರುಗಳು ಇರುತ್ತವೆ. ಬಹಳ ಜನ ತಪ್ಪುವುದು ಇಲ್ಲೇ. ಈಗಿರುವ ಊರಿನ ಹೆಸರಿನಲ್ಲಿ ಹುಡುಕಿ, ಏನೂ ಇಲ್ಲ ಅಂತ ವಾಪಸ್ ಬರುತ್ತಾರೆ. ನೀವು ಹಾಳೂರಿನ ಹೆಸರಿನಲ್ಲೇ ಕೇಳಿ.

ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾಗಿದ್ದು 1863ರಲ್ಲಿ. ಪ್ಲೇಗು ಬೆಂಗಳೂರಿಗೆ ಬಂದಿದ್ದು 1898ರಲ್ಲಿ. ಹಾಗಾಗಿ ಊರು ಖಾಲಿಯಾಗುವ ಮೊದಲೇ ಅಳತೆ ಆಗಿರುವ ಸಾಧ್ಯತೆ ಜಾಸ್ತಿ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಮುಂದಿನ ಸಲ ಪೂಜೆಗೆ ಹೋದಾಗ ಗುಡಿ ಮುಂದೆ ನಿಂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆಗೆಯಿರಿ. ನೀವು ನಿಂತ ಜಾಗ ಯಾವ ಗ್ರಾಮದ್ದು, ಎಷ್ಟನೇ ಸರ್ವೆ ನಂಬರು ಅಂತ ತೋರಿಸುತ್ತದೆ. ಆಮೇಲೆ ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲಿ ಆ ಗ್ರಾಮದ ನಕಾಶೆ ಇಳಿಸಿಕೊಳ್ಳಿ. ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಮನೆಯಲ್ಲಿ ವಯಸ್ಸಾದವರ ಮುಂದೆ ಹರಡಿ. ಸುಮ್ನೆ ‘ನಮ್ಮ ಹೊಲ ಎಲ್ಲಿತ್ತು’ ಅಂತ ಕೇಳಬೇಡಿ, ಹೇಳಲು ಬರುವುದಿಲ್ಲ. ಕೆರೆ ತೋರಿಸಿ, ಹಳ್ಳ ತೋರಿಸಿ, ಬಂಡಿದಾರಿ ತೋರಿಸಿ. ‘ಹಳ್ಳ ದಾಟಿ ಎಡಕ್ಕೆ ನಮ್ಮ ಹೊಲ’ ಅಂತ ಅವರೇ ಬೆರಳಿಡುತ್ತಾರೆ.

ಒಂದು ಮಾತು ನೆನಪಿರಲಿ. ನಕಾಶೆಯಲ್ಲಿ ನಂಬರು ಇರುತ್ತದೆ, ಹೆಸರು ಇರುವುದಿಲ್ಲ. ನಂಬರು ಹಿಡಿದು ಹೆಸರಿಗೆ ಹೋಗಬೇಕು. ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ನಂಬರಿನ ಹಳೇ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ನಂಬರುವಾರು ಜಮೀನಿನ ಪಟ್ಟಿ), ಮ್ಯುಟೇಶನ್ (ಹಕ್ಕು ಬದಲಾವಣೆ) ನಕಲು ಕೇಳಿ. ಅರ್ಜಿ ಕೊಟ್ಟು ಕಾಯಬೇಕು, ಎರಡು ಸಲ ಓಡಾಡಿಸಿದರೂ ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮ ಹೊಲದ ಟಿಪ್ಪಣಿ (ಅಳತೆ ಬರೆದ ಸರ್ವೆ ನಕ್ಷೆ) ತೆಗೆಸಿದ್ದೆ. ಗೆರೆ ಮೇಲೆ 7-8 ಅಂತ ಬರೆದಿದೆ. ಏಳೂವರೆ ಅಡಿನಾ?

ಉತ್ತರ: ಅಲ್ಲಮ್ಮ! ಏಳು ಸರಪಳಿ, ಎಂಟು ಆಣೆ. ನಮ್ಮ ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಅಲ್ಲಿಗೆ 247 ಅಡಿ 6 ಅಂಗುಲ ಆಯಿತು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ.

ಮತ್ತೊಬ್ಬರು: ನಮ್ಮನ್ನು ಊರಲ್ಲಿ ನೀರಗಂಟಿ ಮನೆಯವರು ಅಂತಾರೆ. ಇದರಿಂದ ಏನಾದ್ರೂ ಸುಳಿವು ಸಿಗುತ್ತಾ?

ಉತ್ತರ: ಖಂಡಿತ. ನೀರಗಂಟಿ ಅಂದರೆ ಕೆರೆ ತೂಬು ನೋಡಿಕೊಂಡು ಗದ್ದೆಗೆ ನೀರು ಬಿಡುವವನು. ತೋಟಿ, ತಳವಾರರ ಹಾಗೆ ಅವನ ಚಾಕರಿಗೂ ಇನಾಮು ಜಮೀನು ಇರುತ್ತಿತ್ತು. ನಕಾಶೆಯಲ್ಲಿ ಮೊದಲು ಕೆರೆ ಏರಿಯ ಕೆಳಗಿನ ನಂಬರುಗಳನ್ನು ಗುರುತು ಹಾಕಿಕೊಂಡು, ಅವುಗಳ ದಾಖಲೆ ತೆಗೆಸಿ. ಗ್ರಾಮ ಹುದ್ದೆಗಳು ರದ್ದಾಗಿದ್ದು 1961ರ ಕಾಯ್ದೆಯಲ್ಲಿ. ಅದಕ್ಕಿಂತ ಹಿಂದಿನ ಪುಸ್ತಕದಲ್ಲಿ ‘ನೀರಗಂಟಿ ಇನಾಮು’ ಅಂತ ಬರೆದಿದ್ದರೆ ಪಕ್ಕದಲ್ಲೇ ಹೆಸರೂ ಸಿಗುತ್ತದೆ.

ಇದೇ ಮಾತಿಗೆ ಇನ್ನೊಂದು ಹೇಳಿಬಿಡುತ್ತೇನೆ, ಯಾಕೆಂದರೆ ಇನ್‌ಬಾಕ್ಸಿಗೆ ನಾಲ್ಕು ಜನ ಕೇಳಿದ್ದಾರೆ. ಹಳೇ ನಕಾಶೆಯಲ್ಲಿ ಅಜ್ಜನ ಹೊಲ ಸಿಕ್ಕಿತು ಅಂತ ಬೇಲಿ ಹಾಕಲು ಹೋಗಬೇಡಿ. ನಕಾಶೆ ಹಕ್ಕುಪತ್ರ ಅಲ್ಲ.

ಮೊದಲು ಕೇಳಿದವರು, ಮೂರು ತಿಂಗಳ ನಂತರ: ಸರ್, ಸಿಕ್ತು! ನಮ್ಮ ದೊಡ್ಡಮ್ಮ ನಕಾಶೆ ನೋಡಿ ಕೆರೆ ಕೋಡಿ ಪಕ್ಕದ ನಂಬರಿನ ಮೇಲೆ ಬೆರಳಿಟ್ಟರು. ಆ ನಂಬರಿನ ಹಳೇ ಪುಸ್ತಕದಲ್ಲಿ ‘ತಿಮ್ಮ ಬಿನ್ ರಂಗ’ ಅಂತ ಇದೆ. ತಿಮ್ಮ ನಮ್ಮ ತಾತನ ಅಪ್ಪನ ಹೆಸರು. ರಂಗ ಯಾರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಉತ್ತರ: ‘ಬಿನ್’ ಅಂದರೆ ಮಗ. ಹೆಂಗಸರ ಹೆಸರಿದ್ದರೆ ‘ಕೋಂ’ ಅಂತ ಇರುತ್ತದೆ, ಇಂಥವರ ಹೆಂಡತಿ ಅಂತ ಅರ್ಥ. ಒಂದೇ ಸಾಲಿನಲ್ಲಿ ಎರಡು ತಲೆಮಾರು ಸಿಕ್ಕಿದೆ ನಿಮಗೆ. ಆದರೆ ಈಗಲೇ ಕುಣಿಯಬೇಡಿ. ನಿಮ್ಮ ಕಡೆ ತಾತನ ಹೆಸರು ಮೊಮ್ಮಗನಿಗೆ ಇಡುತ್ತಾರೆ ಅಲ್ವಾ, ಒಂದೇ ಊರಲ್ಲಿ ಮೂರು ತಿಮ್ಮ ಇರಬಹುದು. ಅಕ್ಕಪಕ್ಕದ ನಂಬರುಗಳ ಹೆಸರೂ ಬರೆದುಕೊಂಡು ಬನ್ನಿ. ಅಣ್ಣತಮ್ಮಂದಿರ ಹೊಲ ಬದುವಿಗೆ ಬದು ತಾಗಿಕೊಂಡೇ ಇರುತ್ತದೆ. ನಿಮ್ಮ ದಾಯಾದಿಗಳ ಹಿರಿಯರ ಹೆಸರು ಅಲ್ಲಿ ಕಂಡರೆ ಅವನು ನಿಮ್ಮ ತಿಮ್ಮನೇ. ನಿಮ್ಮ ಮನೆಗೆ ಹೆಳವರು, ಅಂದರೆ ಮನೆಮನೆಗೆ ಬಂದು ವಂಶಾವಳಿ ಹೇಳುವವರು, ಬರುತ್ತಾರಾ? ಬಂದರೆ ರಂಗನ ಹೆಸರು ನೀವಾಗೇ ಹೇಳಬೇಡಿ. ಅವರ ಬಾಯಿಂದಲೇ ಬರಲಿ.