ಸರ್ಕಾರಿ ಕಾಡಲ್ಲಿ ನನ್ನ ಅಟ್ಟಣಿಗೆ ಮೇಲೆ ಬೇರೊಬ್ಬ ಕೂತಿದ್ದ, ಏನು ಮಾಡಬೇಕಿತ್ತು?

ಮ್ಯಾಡಿಸನ್_ಮರಸು:
ಊರು ತೀರ್ಥಹಳ್ಳಿ ಕಡೆ, ಈಗಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಜಿಂಕೆ ಬೇಟೆ ಶುರು ಮಾಡಿ ಇದು ಎರಡನೇ ವರ್ಷ. ಥ್ಯಾಂಕ್ಸ್‌ಗಿವಿಂಗ್ ಹಿಂದಿನ ಶನಿವಾರ ಒಂಬತ್ತು ದಿನದ ಬಂದೂಕು ಸೀಸನ್ ಶುರುವಾಗುತ್ತಲ್ಲ, ಅದಕ್ಕೆ ಅಂತ ಹೈವೇ 64ರ ಉತ್ತರದ ಡಿಎನ್‌ಆರ್ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ಕಾಡಲ್ಲಿ ನಾಲ್ಕು ಸಲ ಸುತ್ತಿ, ಜಾಡು ನೋಡಿ, ಮರಕ್ಕೆ ಏಣಿ ಅಟ್ಟಣಿಗೆ ಕಟ್ಟಿ ಬಂದಿದ್ದೆ. ಮೊದಲ ದಿನ ಬೆಳಗ್ಗೆ 5 ಗಂಟೆಗೆ ಹೋದರೆ ಮೇಲೆ ಒಬ್ಬ ಆರಾಮಾಗಿ ಕೂತಿದ್ದಾನೆ! ಕೇಳಿದ್ದಕ್ಕೆ "ಪಬ್ಲಿಕ್ ಲ್ಯಾಂಡ್" ಅಂದ, ಅಷ್ಟೇ. ಸಿಟ್ಟಿಗೆ ಅರವತ್ತು ಗಜ ಆಚೆ ಮರದ ಬುಡದಲ್ಲಿ ನಾನೂ ಕೂತೆ. ಇಬ್ಬರಿಗೂ ಏನೂ ಸಿಗಲಿಲ್ಲ. ನನ್ನದು ತಪ್ಪಾ?

ಹಳೇಕೋವಿ:
ಅವನದು ತಪ್ಪು. ನಿಮ್ಮದು ಇನ್ನೂ ದೊಡ್ಡ ತಪ್ಪು. ಅರವತ್ತು ಗಜದಲ್ಲಿ ಎರಡು ರೈಫಲ್, ಕತ್ತಲೆ, ಮೇಲೆ ಸಿಟ್ಟು ಬೇರೆ. ಮಧ್ಯದಲ್ಲಿ ಒಂದು ಜಿಂಕೆ ಬಂದಿದ್ದರೆ? ಅಟ್ಟಣಿಗೆ ನಿಮ್ಮದು, ಹತ್ತಲು ಅವನು ಕೇಳಬೇಕಿತ್ತು, ಆದರೆ ಜಾಗ ನಿಮ್ಮದಲ್ಲ. ಅವನು ಅದೇ ಮರದ ಹತ್ತಿರ ನೆಲದ ಮೇಲೆ ಮೊದಲು ಬಂದು ಕೂತಿದ್ದರೂ ನೀವೇ ಎದ್ದು ಹೋಗಬೇಕಿತ್ತು. ಅಂದ ಹಾಗೆ, ಅಟ್ಟಣಿಗೆಗೆ ನಿಮ್ಮ ಡಿಎನ್‌ಆರ್ ಕಸ್ಟಮರ್ ನಂಬರ್ ಕಟ್ಟಿದ್ದಿರಾ? ರಾತ್ರಿ ಬಿಟ್ಟು ಬರುವುದಾದರೆ ಅದು ಇರಲೇಬೇಕು.

ಎರಡನೇ_ಪ್ಲಾನ್:
ನಾನು ಕಾಡು ನೋಡುವ ಮೊದಲು ಪಾರ್ಕಿಂಗ್ ನೋಡುತ್ತೇನೆ. ಎರಡು ಟ್ರಕ್ ನಿಂತಿದ್ದರೆ ಸುಮ್ನೆ ಮುಂದಿನ ಗೇಟಿಗೆ ಹೋಗುವುದು. ಮೊದಲ ದಿನಕ್ಕೆ ಕಡಿಮೆ ಅಂದರೂ ಮೂರು ಜಾಗ ನೋಡಿಟ್ಟುಕೊಳ್ಳಿ, ಗಾಳಿ ದಿಕ್ಕು ಬದಲಾದರೆ ಆಗಲೂ ಉಪಯೋಗಕ್ಕೆ ಬರುತ್ತದೆ. ಕತ್ತಲಲ್ಲಿ ನಡೆಯುವಾಗ ತಲೆ ಮೇಲಿನ ದೀಪ ಆರಿಸಬೇಡಿ. ಜಿಂಕೆ ಬೆದರುತ್ತದೆ ಅಂತ ಆರಿಸುವವರಿದ್ದಾರೆ, ಅವರನ್ನು ಕಂಡರೆ ನನಗೆ ಜಿಂಕೆಗಿಂತ ಜಾಸ್ತಿ ಭಯ. ನೀವು ಕೂತಾಗ ಯಾರಾದರೂ ನಿಮ್ಮ ಕಡೆ ಬರುತ್ತಿದ್ದರೆ ಒಂದು ಸಲ ಟಾರ್ಚ್ ಮಿನುಗಿಸಿ. ಮುಕ್ಕಾಲು ಪಾಲು ಜನ ಕೈ ಎತ್ತಿ ತಿರುಗಿ ಹೋಗುತ್ತಾರೆ.

ಕಾಫಿತೋಟ:
ನಮ್ಮೂರಲ್ಲಿ ಅಜ್ಜನ ಕಾಲದ ಶಿಕಾರಿ ಕತೆ ಮಾತ್ರ ಉಳಿದಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದೆಲ್ಲ ಮುಗಿದ ಮಾತು. ಆದರೆ ಹಳು ನುಗ್ಗುವ ಗುಂಪು ಇಲ್ಲಿ ಅಮೆರಿಕದಲ್ಲೂ ಇದೆ! ಹತ್ತು ಜನ ಸಾಲಾಗಿ ಜಿಂಕೆ ಎಬ್ಬಿಸಿಕೊಂಡು ಬರುತ್ತಾರೆ, ನೀವು ಬೆಳಗಿನಿಂದ ಮರಸು (ಬೇಟೆಗಾಗಿ ಅಡಗಿ) ಕೂತಿದ್ದರೂ ಅವರಿಗೆ ಲೆಕ್ಕವಿಲ್ಲ. ಮೊದಲೇ ಬಂದು "ಈ ಕಡೆಯಿಂದ ನುಗ್ಗುತ್ತೇವೆ" ಅಂತ ಹೇಳಿದರೆ ಯಾರೂ ಬೇಡ ಅನ್ನಲ್ಲ, ಅಲ್ವಾ? ಗಾಯವಾದ ಜಿಂಕೆ ಹುಡುಕುತ್ತಾ ಇನ್ನೊಬ್ಬರು ಬಂದರೆ ಮಾತ್ರ ಗೊಣಗಬೇಡಿ. ಇಳಿದು ರಕ್ತದ ಜಾಡು ಹುಡುಕಲು ಕೈ ಜೋಡಿಸಿ.

ಹಳೇಕೋವಿ:
@ಕಾಫಿತೋಟ ಒಪ್ಪಿದೆ, ಆದರೆ ಮೊದಲು ಕೂಗಿ ಹೇಳಿ, ಆಮೇಲೆ ಇಳಿಯಿರಿ. ಇಳಿಯುವ ಮುಂಚೆ ಬಂದೂಕು ಖಾಲಿ ಮಾಡಿ.

ಮ್ಯಾಡಿಸನ್_ಮರಸು:
ನಂಬರ್ ಕಟ್ಟಿರಲಿಲ್ಲ 😐 ಬರೀ ಕಿತ್ತಳೆ ರಿಬ್ಬನ್ ಇತ್ತು. ಯಾರೋ ಬಿಟ್ಟು ಹೋದದ್ದು ಅಂದುಕೊಂಡನೋ ಏನೋ. ಈ ಶನಿವಾರ ಹೋಗಿ ಚೀಟಿ ಕಟ್ಟಿ ಬರುತ್ತೇನೆ. ಅವನು ಅಲ್ಲೇ ಇದ್ದರೆ ಫ್ಲಾಸ್ಕ್‌ನಲ್ಲಿ ಕಾಫಿ ಇರುತ್ತದೆ.