ಗ್ರೂಪ್ ಬಿಟ್ಟವರ ಹತ್ತಿರ ಕೀ ಉಳಿದಿರುತ್ತಾ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ 140 ಜನ. ಬಾಡಿಗೆಯವರು ಬರ್ತಾ ಹೋಗ್ತಾ ಇರ್ತಾರೆ, ನಾನು ಅಡ್ಮಿನ್. ಹೋದ ವಾರ ಒಬ್ಬರನ್ನು ತೆಗೆದೆ. ಮೆಸೇಜಿನ ಬೀಗ ತೆಗೆಯೋ ಎನ್‌ಕ್ರಿಪ್ಷನ್ ಕೀ ಅವರ ಫೋನಿನಲ್ಲೇ ಇರುತ್ತಲ್ಲ ಸರ್, ಈಗಿನ ಮೆಸೇಜ್ ಓದ್ತಾರಾ?

ಉತ್ತರ: ಇಲ್ಲ ಮೇಡಂ. ಗ್ರೂಪಿಗೆಲ್ಲ ಒಂದೇ ಕೀ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಮೆಸೇಜ್ ಹಾಕುವ ಒಬ್ಬೊಬ್ಬರಿಗೂ ಅವರದೇ ಸೆಂಡರ್ ಕೀ ಇರುತ್ತೆ. ನೀವು ಮೊದಲ ಸಲ ಏನಾದರೂ ಬರೆದಾಗ ನಿಮ್ಮ ಫೋನು ಆ ಕೀ ತಯಾರಿಸಿ, ಉಳಿದ 139 ಜನಕ್ಕೂ ಬೇರೆ ಬೇರೆ ಸೀಲ್ ಮಾಡಿದ ಲಕೋಟೆಯಲ್ಲಿ ಕಳಿಸುತ್ತೆ. ಆಮೇಲೆ ಮೆಸೇಜನ್ನು ಒಂದು ಸಲ ಎನ್‌ಕ್ರಿಪ್ಟ್ ಮಾಡಿದರೆ ಸಾಕು, ಸರ್ವರ್ ಅದನ್ನೇ ಎಲ್ಲರಿಗೂ ಹಂಚುತ್ತೆ. ಯಾರಾದರೂ ಹೊರಗೆ ಹೋದರೆ ಎಲ್ಲರ ಫೋನೂ ಹಳೇ ಸೆಂಡರ್ ಕೀ ಬಿಸಾಕಿ ಹೊಸದು ಮಾಡಿಕೊಳ್ಳುತ್ತೆ. ಹೋದವರಿಗೆ ಲಕೋಟೆ ಇಲ್ಲ. ಆದರೆ ಅಷ್ಟರೊಳಗೆ ಅವರ ಫೋನಿಗೆ ಬಂದದ್ದು ಅವರದೇ. ಅದನ್ನು ವಾಪಸ್ ಕಿತ್ತುಕೊಳ್ಳೋಕೆ ಯಾವ ಗಣಿತವೂ ಇಲ್ಲ.

ಪ್ರಶ್ನೆ: ಹೊಸಬರು ಹಳೇ ಜಗಳ ಓದಬಹುದಾ?

ಉತ್ತರ: ತಮಗೆ ಸಿಕ್ಕ ಕೀ ಇಟ್ಟುಕೊಂಡು ಆಗಲ್ಲ. ಒಂದೊಂದು ಮೆಸೇಜಿಗೂ ಕೀ ಹ್ಯಾಶ್ ಆಗಿ, ಅಂದ್ರೆ ಹಿಂದಕ್ಕೆ ತಿರುಗಿಸೋಕಾಗದ ಲೆಕ್ಕದಲ್ಲಿ ಬದಲಾಗಿ, ಮುಂದೆ ಸಾಗುತ್ತೆ. ರಾಗಿ ಹಿಟ್ಟನ್ನು ಮತ್ತೆ ಕಾಳು ಮಾಡೋಕಾಗುತ್ತಾ? ಯಾರಾದರೂ ಸ್ಕ್ರೀನ್‌ಶಾಟ್ ಕಳಿಸಿದರೆ ಮಾತ್ರ ನನ್ನನ್ನು ಕೇಳಬೇಡಿ.

ಇನ್ನೊಬ್ಬರು: ಸಾವಿರ ಜನರ ಗ್ರೂಪಲ್ಲಿ ದಿನಾ ನಾಲ್ಕು ಜನ ಬಿಟ್ಟರೆ?

ಉತ್ತರ: ಅಲ್ಲೇ ತಲೆನೋವು. 1,024 ಜನ ಉಳಿದು ಎಲ್ಲರೂ ಮಾತಾಡಿದರೆ, ಒಬ್ಬರು ಬಿಟ್ಟದ್ದಕ್ಕೆ 1,024 × 1,023, ಅಂದ್ರೆ 10,47,552 ಲಕೋಟೆ! ಇದಕ್ಕೇ 2023ರ ಜುಲೈಯಲ್ಲಿ ಇಂಟರ್ನೆಟ್ಟಿನ ಮಾನದಂಡ ರೂಪಿಸೋ ಸಂಸ್ಥೆ ಐಇಟಿಎಫ್, ಗ್ರೂಪ್ ಮೆಸೇಜುಗಳ ಎನ್‌ಕ್ರಿಪ್ಷನ್‌ಗೆ 'ಎಂಎಲ್‌ಎಸ್' (ಮೆಸೇಜಿಂಗ್ ಲೇಯರ್ ಸೆಕ್ಯುರಿಟಿ) ಅನ್ನೋ ಮಾನದಂಡ ಹೊರಡಿಸಿತು, ಅದರ ದಾಖಲೆ ಆರ್‌ಎಫ್‌ಸಿ 9420. ಕಬಡ್ಡಿ ನಾಕೌಟ್ ಪಟ್ಟಿ ನೆನಪಿಸಿಕೊಳ್ಳಿ: 1,024 ತಂಡ ಇದ್ದರೂ ಫೈನಲ್ ಸೇರಿ ಹತ್ತೇ ಸುತ್ತು. ಸದಸ್ಯರೆಲ್ಲ ಆ ಪಟ್ಟಿಯ ಕೆಳಸಾಲಿನಲ್ಲಿ, ಒಂದೊಂದು ಕವಲಿಗೂ ಅದರ ಕೆಳಗಿನವರೆಲ್ಲ ಹಂಚಿಕೊಂಡ ಒಂದು ಕೀ. ಒಬ್ಬರನ್ನು ತೆಗೆದಾಗ, ತೆಗೆದವರು ತಮ್ಮಿಂದ ಮೇಲಿನವರೆಗಿನ ಹತ್ತು ಮೆಟ್ಟಿಲಿನ ಕೀ ಬದಲಿಸಿ, ಮೆಟ್ಟಿಲಿಗೊಂದರಂತೆ ಹತ್ತೇ ಲಕೋಟೆ ಆಚೆ ಕವಲಿನವರಿಗೆ ಕಳಿಸುತ್ತಾರೆ. ಇದು ಎಲ್ಲ ಸರಿಯಿದ್ದಾಗಿನ ಲೆಕ್ಕ. ಬಿಟ್ಟವರ ದಾರಿಯ ಕೀಗಳು ಅಳಿಸಿಹೋಗಿ ಈ ಮರದಂಥ ಪಟ್ಟಿ ಅಲ್ಲಿ ತೂತು ಬೀಳುತ್ತೆ, ಅದು ಮುಚ್ಚೋವರೆಗೂ ಖರ್ಚು ಏರುತ್ತೆ.

ಅಡ್ಮಿನ್ ಮೇಡಂ, ನಿಮಗೊಂದು ಮಾತು. ಕೀಗಿಂತ ನನಗೆ ಭಯ ಸದಸ್ಯರ ಪಟ್ಟಿಯದು, ಅದು ಇರೋದು ಸರ್ವರ್ ಕೈಯಲ್ಲಿ. ಸರ್ವರ್ ಹಿಡಿತದಲ್ಲಿದ್ದರೆ ಹೊರಗಿನವರನ್ನು ಗ್ರೂಪಿಗೆ ತೂರಿಸಬಹುದು ಅಂತ ಜರ್ಮನಿಯ ಬೋಹುಮ್‌ನ ಸಂಶೋಧಕರು 2018ರಲ್ಲೇ ತೋರಿಸಿದ್ದರು. ಸೇರಿದವರ ಹೆಸರಂತೂ ಚಾಟಿನಲ್ಲಿ ಕಾಣುತ್ತೆ, ನೋಡೋರು ಬೇಕು.

ಪ್ರಶ್ನೆ ಕೇಳಿದವರು: ಈಗ ಪಟ್ಟಿ ತೆಗೆದು ನೋಡಿದೆ ಸರ್. ಎರಡು ವರ್ಷದ ಹಿಂದೆ ಮನೆ ಖಾಲಿ ಮಾಡಿದ ಮೂವರು ಇನ್ನೂ ಇದ್ದಾರೆ.