ಬ್ರೂವರಿ ಬಿಯರ್‌ಗೂ ಬಾಟಲಿ ಬಿಯರ್‌ಗೂ ಏನು ವ್ಯತ್ಯಾಸ? ಕುಡಿದವರು ಹೇಳಿ

ಪ್ರಶ್ನೆ: ಮುಂದಿನ ತಿಂಗಳು ಗೆಳೆಯರ ಜೊತೆ ದಾವಣಗೆರೆಯಿಂದ ಬೆಂಗಳೂರಿಗೆ ಬರ್ತಿದ್ದೀನಿ. ಎಲ್ಲರೂ ಮೈಕ್ರೋಬ್ರೂವರಿಗೇ (ಅಲ್ಲೇ ಬಿಯರ್ ತಯಾರಿಸಿ ಕೊಡೋ ಪಬ್) ಹೋಗೋಣ ಅಂತಿದ್ದಾರೆ. ನಾನು ಕುಡಿದಿರೋದು ಬಾಟಲಿ ಬಿಯರ್ ಮಾತ್ರ. ಅಷ್ಟು ದುಡ್ಡು ಕೊಡೋಕೆ ಅದರಲ್ಲೇನಿದೆ? ಮೊದಲ ಸಲ ಏನು ತಗೊಳ್ಲಿ?

ಉತ್ತರ: ಇಂದಿರಾನಗರದಲ್ಲಿ 2010ರಲ್ಲಿ ಟಾಯ್ಟ್ ಅನ್ನೋ ಮೈಕ್ರೋಬ್ರೂವರಿ ಶುರುವಾದ ಕಾಲದಿಂದ ಈ ಬಿಯರ್ ಕುಡೀತಿದ್ದೀನಿ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ), ಹಾಪ್ಸ್ (ಕಹಿ ಕೊಡೋ ಹೂವು), ಯೀಸ್ಟ್, ನೀರು ಎರಡರಲ್ಲೂ ಇರುತ್ತೆ. ಆದರೆ ಕಾರ್ಖಾನೆ ಬಿಯರ್ ಬೀದರ್‌ನಲ್ಲೂ ಮಂಗಳೂರಲ್ಲೂ ಒಂದೇ ರುಚಿ ಕೊಡಬೇಕು, ತಿಂಗಳುಗಟ್ಟಲೆ ಅಂಗಡಿಯಲ್ಲಿದ್ರೂ ಕೆಡಬಾರದು. ಅದಕ್ಕೇ ಯೀಸ್ಟ್ ಸೋಸಿ ತೆಗೆದು, ಪಾಶ್ಚರೈಸ್ ಮಾಡ್ತಾರೆ. ಅದೂ ಸಣ್ಣ ಕೆಲಸವಲ್ಲ. ಬ್ರೂವರಿಯಲ್ಲಿ ಟ್ಯಾಂಕ್ ಅಲ್ಲೇ ಇರುತ್ತೆ, ಹಾಗಾಗಿ ಅಷ್ಟು ದಿನ ತಾಳಬೇಕಾದ ಪ್ರಮೇಯವೇ ಇಲ್ಲ.

ನೀವು ಹೆಫೆವೈಜನ್‌ನಿಂದ ಶುರು ಮಾಡಿ. ಗೋಧಿ ಬಿಯರ್. ಯೀಸ್ಟ್ ಸೋಸದೆ ಬಿಟ್ಟಿರೋದರಿಂದ ಮಬ್ಬಾಗಿರುತ್ತೆ, ಬಿಳಿ ನೊರೆ ಗ್ಲಾಸಿನ ಅಂಚಿಗೆ ದಪ್ಪಗೆ ಅಂಟಿಕೊಂಡಿರುತ್ತೆ. ಮೂಗಿನ ಹತ್ತಿರ ತಂದರೆ ಬಾಳೆಹಣ್ಣು, ಹಿಂದೆಯೇ ಲವಂಗ. ಎರಡನ್ನೂ ಯಾರೂ ಹಾಕಿರಲ್ಲ! ಹುದುಗುವಾಗ ಆ ಯೀಸ್ಟೇ ಹುಟ್ಟಿಸೋ ವಾಸನೆಗಳು ಅವು: ಲವಂಗದ್ದು ಬೇರೆ ಒಂದು ರಾಸಾಯನಿಕದಿಂದ, ಬಾಳೆಹಣ್ಣಿನದು ಐಸೊಅಮೈಲ್ ಅಸಿಟೇಟ್ ಅನ್ನೋದರಿಂದ. ಮಾಗಿದ ಬಾಳೆಹಣ್ಣಿನಲ್ಲೂ ಅದೇ ಇರುತ್ತೆ. ದುಡ್ಡು ಕೊಡೋದು ಇದಕ್ಕೆ.

ಇನ್ನೊಬ್ಬರು: ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸ್ತೀನಿ. ‘ಅಕ್ಕಿ ಹಾಕಿದ್ರೆ ಕಳಪೆ ಬಿಯರ್’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಾರ್ಖಾನೆಯವರು ಅಕ್ಕಿ, ಮೆಕ್ಕೆಜೋಳ ಹಾಕೋದು ಖರ್ಚು ಇಳಿಸೋಕೆ, ಬಿಯರ್ ಹಗುರ ಮಾಡೋಕೆ. ಟಾಯ್ಟ್‌ನ ಬಾಸ್ಮತಿ ಬ್ಲಾಂಡ್‌ನಲ್ಲೂ ಅಕ್ಕಿ ಇದೆ, ಅದು ನನಗೆ ತುಂಬಾ ಇಷ್ಟ. ಖರ್ಚಿಗೋ ರುಚಿಗೋ, ಯಾಕೆ ಹಾಕಿದ್ದಾರೆ ಅನ್ನೋದೇ ಮುಖ್ಯ.

ಮತ್ತೊಬ್ಬರು: ಸ್ಟ್ರಾಂಗ್ ಬಿಯರ್ ಅಭ್ಯಾಸ ಇದ್ದರೆ ಕಿಕ್ ಹುಡುಕಿಕೊಂಡು ಹೋಗಬೇಡಿ, ಗೋಧಿ ಬಿಯರ್‌ನಲ್ಲಿ ಆಲ್ಕೋಹಾಲ್ ಸುಮಾರು 5%. ಐಪಿಎ (ಹಾಪ್ಸ್ ಜಾಸ್ತಿ ಹಾಕಿದ ಬಿಯರ್) ಕಹಿ ಇರುತ್ತೆ, ಮೊದಲ ಗ್ಲಾಸಿಗೆ ಬೇಡ. ಆರ್ಡರ್ ಮಾಡೋ ಮುಂಚೆ ಟೇಸ್ಟರ್ (ರುಚಿ ನೋಡೋಕೆ ಸ್ವಲ್ಪ ಬಿಯರ್) ಕೇಳಿ, ಬಹಳ ಕಡೆ ಕೊಡ್ತಾರೆ. ಸಣ್ಣದಾಗಿ ಮಾಡಿದ್ದೆಲ್ಲ ಚೆನ್ನಾಗಿರುತ್ತೆ ಅಂತೇನಿಲ್ಲ: ಒಂದು ಕಡೆ ನನಗೆ ಬಂದ ಲಾಗರ್ (ತಣ್ಣಗಿಟ್ಟು ನಿಧಾನವಾಗಿ ಹುದುಗಿಸಿದ ಬಿಯರ್) ಬೆಣ್ಣೆ ಬೆಣ್ಣೆ ವಾಸನೆ ಹೊಡೀತಿತ್ತು. ಲಾಗರ್‌ಗೆ ಅದು ದೋಷ, ಹುದುಗುವಿಕೆ ಪೂರ್ತಿ ಆಗದೆ ಟ್ಯಾಂಕ್‌ನಿಂದ ತೆಗೆದರೆ ಹಾಗಾಗುತ್ತೆ. ಹೇಳಿದ ಮೇಲೆ ಗ್ಲಾಸ್ ಬದಲಾಯಿಸಿ ಕೊಟ್ಟರು. ನಿಮಗೂ ಹಾಗಾದರೆ ಸಂಕೋಚ ಪಡಬೇಡಿ. ಗಾಡಿ ಮಾತ್ರ ಬೇಡ, ಇಂದಿರಾನಗರಕ್ಕೆ ಮೆಟ್ರೋ ಇದೆ.